ಷರಾ

ಮಾರ್ಚ್ ಇಪ್ಪತ್ತೆಂಟು. ಬಾಗಲಕೋಟೆಯಿಂದ ಗುಳೇದಗುಡ್ಡಕ್ಕೆ
ಬಸ್ಸಿನ ಕಿಟಕಿಗೆ ತಲೆ ಆನಿಸಿ
ನಿಂಬೆವ್ವ ಮಲಜಿಯ ಯಶೋಗಾಥೆಯನ್ನು
ಮತ್ತೊಮ್ಮೆ ಓದಿಕೊಂಡೆ. ನಾನೇ ಬರೆದದ್ದು.
ಮುನ್ನೂರು ಪದ, ಒಂದು ಫೋಟೊ,
ಮೊದಲ ಸಾಲಿನಲ್ಲಿ ಕತ್ತಲೆ, ಕೊನೆಯ ಸಾಲಿನಲ್ಲಿ ಬೆಳಕು.
ಇನ್ನು ಬೇಕಿದ್ದದ್ದು ಒಂದು ರುಜು.

ಮಗ್ಗದ ಕುಣಿಯಲ್ಲಿ ಗಂಡ ಕಾಲು ಇಳಿಬಿಟ್ಟಿದ್ದ.
ಆಕೆ ರಾಟಿ ನಿಲ್ಲಿಸಲಿಲ್ಲ.
"ಓದ್ರಿ, ನನ್ನ ಕತಿ ನಾನೂ ಕೇಳತೇನಿ."

ಓದಿದೆ:
ಮೂವತ್ತು ವರ್ಷ ಕಂಡಿಕೆ ಸುತ್ತಿದರೂ
ಸರ್ಕಾರದ ಕಡತದಲ್ಲಿ ಈಕೆ ನೇಕಾರಳಲ್ಲ, ನೇಕಾರನ ಹೆಂಡತಿ.
ನಮ್ಮ ಸಂಸ್ಥೆಯ ಸತತ ಒತ್ತಾಯದ ಫಲವಾಗಿ
ಗುರುತಿನ ಚೀಟಿ ಕೈಗೆ ಬಂದ ದಿನ
ನಿಂಬೆವ್ವ ಗಳಗಳನೆ ಅತ್ತಳು...

ರಾಟಿ ನಿಂತಿತು.
"ಯಾರು ಅತ್ರು?
ಅವತ್ತ ಬಿಸಲಾಗ ಎರಡ ತಾಸ ಸಾಲಿಗೆ ನಿಂತಿದ್ನಿ.
ಚೀಟಿ ಮ್ಯಾಲ ಹೆಸರು ನಿಂಗವ್ವ ಅಂತ ತಪ್ಪ ಬಂದಿತ್ತ.
ಬೈದ ಬಂದೀನಿ. ಬೈದದ್ದ ಬರೀರಿ."

ಹೊಡೆದುಹಾಕಿದೆ.
ಅತ್ತಳು ಇದ್ದಲ್ಲಿ ಬೈದಳು ಅಂತ ಬರೆದರೆ
ಓದಿದವರು ದುಡ್ಡು ಕೊಡುತ್ತಾರೇನಮ್ಮ?
ಬೆಂಗಳೂರಿನ ಸಂವಹನ ಮೇಡಂ ಕೇಳುವುದು
ನನಗೆ ಅಲ್ಲೇ, ಆ ನೂಲಿನ ಧೂಳಿನಲ್ಲೇ ಕೇಳಿಸಿತು.

"ಮುಂದ?"
ಮುಂದೆ ಬರೀ ಸಂಖ್ಯೆ. ಸಭೆ ಹದಿನಾಲ್ಕು. ಮನವಿ ಆರು.
ಪತ್ರಿಕೆಯಲ್ಲಿ ಸುದ್ದಿ ಎರಡು,
ಒಂದರಲ್ಲಿ ಸಂಸ್ಥೆಯ ಹೆಸರೇ ಇರಲಿಲ್ಲ.
ಫಲಾನುಭವಿ ಮಹಿಳೆಯರು ಮೂವತ್ತೊಂದು.

"ಮೂವತ್ತೆರಡು."

ಲೆಕ್ಕ ಬಲ್ಲವಳು. ಎಳೆ ಒಂದು ತಪ್ಪಿದರೆ
ಖಣದ ಮೇಲಿನ ಹೂವು ಒಂಟಿಗಾಲಲ್ಲಿ ನಿಲ್ಲುತ್ತದೆಂದು
ನನಗೆ ತೋರಿಸಿಕೊಟ್ಟವಳು.
ಪಟ್ಟಿ ತೆಗೆದು ಬೆರಳಿಟ್ಟು ಎಣಿಸಿದೆ. ಮೂವತ್ತೊಂದೇ.

"ದಾವಲಬಿ ಎಲ್ಲಿ ಅದಾಳ ಇದರಾಗ?"

ದಾವಲಬಿ.
ಜವಳಿ ಇಲಾಖೆಯ ಸಾಹೇಬರ ಮೇಜಿನ ಮೇಲೆ
ಸೆರಗಿನ ಗಂಟು ಬಿಚ್ಚಿ
ಒಂದು ದಿನದ ಕಂಡಿಕೆ, ಎಪ್ಪತ್ತೆರಡು, ಸುರುವಿ
"ಇವನ್ನ ಬಿಟ್ಟ ಒಂದ ಗೇಣ ನೇಯ್ದ ತೋರಸ್ರಿ" ಅಂದವಳು.
ಫೋಟೊಕ್ಕೆಂದು ನಾನು ಮೊಬೈಲು ತಡಕುವಷ್ಟರಲ್ಲಿ
ಸಾಹೇಬರು ಕುರ್ಚಿಯ ಕೆಳಗೆ ಬಗ್ಗಿ
ಉರುಳಿಹೋದದ್ದನ್ನು ಆರಿಸುತ್ತಿದ್ದರು.
ಆಮೇಲಿನ ಮನವಿಗಳಲ್ಲೆಲ್ಲ ಒಕ್ಕಣೆ ನಮ್ಮದು,
ಮಾತು ಅವಳದೇ.

ಚೀಟಿ ಬರುವ ಮೂರು ತಿಂಗಳು ಮೊದಲು
ಇಚಲಕರಂಜಿಯ ಪವರ್‌ಲೂಮಿಗೆ ಹೋದಳು, ಮಗಳನ್ನು ಕಟ್ಟಿಕೊಂಡು.
ನಮ್ಮ ಕಂಪ್ಯೂಟರಿನಲ್ಲಿ ಅವಳ ಸಾಲು ಬೂದು ಬಣ್ಣಕ್ಕೆ ತಿರುಗಿದೆ:
ಕಾರ್ಯಕ್ರಮದಿಂದ ಹೊರಗುಳಿದವರು, ಒಂದು.

ಇದನ್ನೂ ಓದಬೇಕೆ? ಓದಿದೆ.
ಗಂಡನ ಕೈಯಲ್ಲಿ ಲಾಳಿ ತಡೆಯಿತು.
"ಹೊರಗ?" ಅಂದಳು ನಿಂಬೆವ್ವ,
"ಹಂಗಾರ ಬಾಗಲಾ ನೂಕಿದಾಕಿ ಯಾರು?"

ಚಹಾ ಕೊಟ್ಟಳು. ರುಜು ಕೊಡಲಿಲ್ಲ.

ರಾತ್ರಿ ಆಫೀಸು. ನಮೂನೆ ಏಳು.
ಸೂಚಕ, ಗುರಿ, ಸಾಧನೆ, ಶೇಕಡಾ.
ಗುರಿ ಮೂವತ್ತು, ಸಾಧನೆ ಮೂವತ್ತೊಂದು,
ಶೇಕಡಾ ನೂರಾಮೂರು ಪಾಯಿಂಟ್ ಮೂರು.
ಇಷ್ಟು ಒಳ್ಳೆಯ ವರ್ಷ ನಮಗೆ ಬಂದೇ ಇರಲಿಲ್ಲ.
ಕಟ್ಟಕಡೆಗೆ ಒಂದು ಇಕ್ಕಟ್ಟಾದ ಅಂಕಣ, ಷರಾ.
ಐದು ವರ್ಷ ಅಲ್ಲಿ ಏನೂ ಇಲ್ಲ ಎಂದು ತುಂಬಿದವಳು ನಾನೇ.

ಬರೆಯತೊಡಗಿದೆ. ಗಂಟು, ಮೇಜು, ಎಪ್ಪತ್ತೆರಡು,
ಸಾಹೇಬರು ಬಗ್ಗಿದ್ದು, ಇಚಲಕರಂಜಿ, ಮಗಳು.
ಪರದೆ ಕೆಂಪಾಯಿತು: ಗರಿಷ್ಠ ಐವತ್ತು ಅಕ್ಷರ.
ಅಳಿಸುತ್ತ ಬಂದೆ. ಮೊದಲು ಸಾಹೇಬರು ಹೋದರು,
ಆಮೇಲೆ ಮೇಜು. ಮಗಳನ್ನು ಅಳಿಸುವಾಗ ಕೈ ತುಸು ನಿಂತಿತು.
ಉಳಿದದ್ದು
ದಾವಲಬಿ ಸೇರಿ ಮೂವತ್ತೆರಡು.

ಲೆಕ್ಕಪತ್ರದವರು ನಾಳೆ ಕೇಳುತ್ತಾರೆ, ಚೀಟಿಯ ನಕಲೆಲ್ಲಿ ಎಂದು.

ಬೆಳಿಗ್ಗೆ ಫೋನು ಮಾಡಿದೆ.
"ತಿದ್ದೀನಿ ನಿಂಬೆವ್ವಾ. ಇನ್ನ ರುಜು?"
ಹಿಂದೆ ರಾಟಿಯ ಸದ್ದು. ಅದು ನಿಲ್ಲುವ ತನಕ ಕಾದೆ.
"ಹಾಕತೇನ ತಗೋರಿ. ಯಾವ ಹೆಸರ್ಲೆ ಹಾಕ್ಲಿ?
ಚೀಟ್ಯಾಗ ನಾ ಇನ್ನೂ ನಿಂಗವ್ವನ ಅದೇನಿ."