ಟ್ಯಾಂಕಿ ಮೊಟ್ಟೆ

ನಕಾಶೆಯಲ್ಲಿ ಇದಕ್ಕೆ ಹೆಸರಿಲ್ಲ.
ಬೆಟ್ಟವೆನ್ನಲು ಎತ್ತರ ಸಾಲದು,
ದಿಣ್ಣೆ ಎಂದರೆ ಮೊಣಕಾಲು ಒಪ್ಪುವುದಿಲ್ಲ.
ನೆತ್ತಿಯಲ್ಲೊಂದು ಪಾಚಿ ಹಿಡಿದ ನೀರಿನ ಟ್ಯಾಂಕಿ,
ಅದಕ್ಕೇ ನಮ್ಮ ಬೀದಿಯವರು ಟ್ಯಾಂಕಿ ಮೊಟ್ಟೆ ಅನ್ನುತ್ತಾರೆ.
ಸೂರ್ಯ ಮುಳುಗುವುದನ್ನು ನೋಡಲು
ಪರವೂರಿನವರು ರಾಜಾಸೀಟಿಗೆ ಸಾಲುಗಟ್ಟುವ ಭಾನುವಾರ
ನಾವಿಬ್ಬರು ಇತ್ತ ಬರುತ್ತೇವೆ:
ಸಫಿಯಾ ನಡೆದು, ನಾನು ಸೈಕಲ್ಲಿನಲ್ಲಿ.

ಸೈಕಲ್ಲಿನಲ್ಲಿ ಎಂದೆನೆ? ಅರ್ಧ ಸುಳ್ಳು.
ಮಡಿಕೇರಿಯಲ್ಲಿ ಸೈಕಲ್ ಕೊಂಡವರು
ಅದನ್ನು ನಡೆಸಿಕೊಂಡೇ ಹೋಗುತ್ತಾರೆ,
ಜ್ವರ ಬಂದ ಕರುವನ್ನು ಆಸ್ಪತ್ರೆಗೆ ನಡೆಸಿದ ಹಾಗೆ.
"ಏರು ಬರುವ ಮೊದಲೇ ಗೇರ್ ಇಳಿಸಬೇಕು ಮೇಡಂ"
ಎಂದಿದ್ದ ಅಂಗಡಿಯ ಹುಡುಗ.
ಏರು ಬರುವ ಮೊದಲು ಎಂಬ ಜಾಗ
ಈ ಊರಲ್ಲಿ ಎಲ್ಲಿದೆಯಪ್ಪ?
ಒಂದರ ಬೆನ್ನಿಗೇ ಇನ್ನೊಂದರ ಹಣೆ.

ಸಫಿಯಾ ಲೆಕ್ಕದ ಟೀಚರು.
ತಿರುವು ಎಣಿಸುತ್ತಾಳೆ, ಕೊಡೆಯ ತುದಿಯಿಂದ
ಲಂಟಾನದ ಕಡ್ಡಿ ಸರಿಸುತ್ತಾಳೆ,
ಏಳನೆಯ ತಿರುವಿನಲ್ಲಿ ಎಂದಿನಂತೆ ಕೇಳುತ್ತಾಳೆ:
"ನೀನು ಅದನ್ನು ತಂದದ್ದೋ, ಅದು ನಿನ್ನನ್ನು ತಂದದ್ದೋ?"
ಉತ್ತರಿಸಲು ನನಗೆ ಉಸಿರಿಲ್ಲ.
ವಾರವಿಡೀ ಗಾಜಿನ ನಳಿಗೆಗಳಲ್ಲಿ
ಬೇರೆಯವರ ರಕ್ತಕ್ಕೆ ಚೀಟಿ ಅಂಟಿಸುವವಳು ನಾನು;
ನನ್ನದು ಕಿವಿಯೊಳಗೆ ಧಬಧಬ ಕೇಳಿಸುವುದು
ಈ ಏಳನೆಯ ತಿರುವಿನಲ್ಲಿ ಮಾತ್ರ.

ಮೇಲೆ ಗಾಳಿ.
ಟ್ಯಾಂಕಿಯ ನೆರಳಿಗೆ ಸೈಕಲ್ ಒರಗಿಸಿ
ಸ್ಟೀಲ್ ಡಬ್ಬಿಯ ಅವಲಕ್ಕಿ ತೆಗೆದೆವು.
ಕೆಳಗೆ ಊರು, ಯಾರೋ ಕೈಜಾರಿ ಚೆಲ್ಲಿದ ಹಾಗೆ:
ಕೋಟೆಯ ಮಾಡು, ಬಸ್ಸು ನಿಲ್ದಾಣದ ಹೊಗೆ,
ಹಂಚಿನ ಕೆಂಪು, ತಗಡಿನ ನೀಲಿ,
ಆ ನೀಲಿಗಳಾಚೆ, ಬೆರಳಿಟ್ಟು ತೋರಿಸಬಹುದಾದಷ್ಟು,
ನನ್ನ ಮನೆಯ ತಾರಸಿ, ತಂತಿಯ ಮೇಲೆ
ಎರಡು ಬೆಡ್‌ಶೀಟು, ಒಂದು ಹಳದಿ ಸೀರೆ.

ಹಳದಿ ಅಷ್ಟು ದೂರ ಬರುತ್ತದೆಂದು ಗೊತ್ತಿರಲಿಲ್ಲ.

ಆಗಲೇ ಸಫಿಯಾ ತಿನ್ನುವುದು ನಿಲ್ಲಿಸಿದಳು.
ಪಡುವಣ ದಿಕ್ಕಿನ ಕೊನೆಯ ಸಾಲು ಬೆಟ್ಟ ಇರಲಿಲ್ಲ.
ನೋಡುತ್ತಿದ್ದಂತೆ ಅದರ ಮುಂದಿನದೂ.
ಸದ್ದಿಲ್ಲದೆ, ಹಲಗೆ ಒರೆಸಿದ ಹಾಗೆ
ಮಳೆ ಒಂದೊಂದೇ ಸಾಲು ಅಳಿಸುತ್ತ ಬರುತ್ತಿತ್ತು.
"ತುಲಾ ತಿಂಗಳ ಬಿಸಿಲನ್ನು ನಂಬಿದೆಯಲ್ಲ" ಎಂದಳು.
ನಂಬಿದ್ದೆ. ಜೂನಿನಿಂದ ಹಸಿವಾಸನೆ ಹೊದ್ದು ಮಲಗಿದವರು
ಒಂದು ಹಗಲು ಬಿಸಿಲನ್ನೂ ನಂಬುತ್ತಾರೆ.

ಕೆಳಮನೆಯ ಕಂಡಕ್ಟರ್ ಬಿದ್ದಪ್ಪನಿಗೆ ಫೋನು ಮಾಡಿದೆ.
ವಾರದ ರಜೆ, ಮಧ್ಯಾಹ್ನದ ನಿದ್ದೆ,
ಹಂದಿ ಕರಿ ಉಂಡ ದನಿ.
"ಮಳೆಯಾ? ಇಲ್ಲಿ ಫಳಫಳ ಬಿಸಿಲುಂಟಲ್ಲ!"
"ಹದಿನೈದು ನಿಮಿಷಕ್ಕೆ ಬರ್ತದೆ ಅಣ್ಣಾ."
"ನಿಮಗೆ ಹೇಗೆ ಗೊತ್ತು?"
"ಕಾಣ್ತಾ ಉಂಟು. ಟ್ಯಾಂಕಿ ಮೊಟ್ಟೆಯಲ್ಲಿದ್ದೇನೆ."
ಟಿಕೆಟಿಲ್ಲದೆ ಹತ್ತಿದವರನ್ನು ನೋಡುವಾಗಿನ ಮೌನ,
ಆಮೇಲೆ ಮೆಟ್ಟಿಲು ಹತ್ತುವ ಚಪ್ಪಲಿ ಸದ್ದು.

ಕಂಡ ನೋಡಿ!
ಬಿಳಿ ಬನಿಯನ್ನಿನ ಒಂದು ಅಕ್ಕಿಕಾಳು
ತಾರಸಿಯ ಮೇಲೆ ಅತ್ತಿತ್ತ ಓಡಿತು.
ಬೆಡ್‌ಶೀಟು ಹೋಯಿತು. ಇನ್ನೊಂದೂ ಹೋಯಿತು.
ಹಳದಿ ಸೀರೆ ಗಾಳಿಗೆ ಒಮ್ಮೆ ಅವನ ಮೈಯೆಲ್ಲ ಸುತ್ತಿ,
ನಾವಿಬ್ಬರೂ ಅವಲಕ್ಕಿ ನೆತ್ತಿಗೇರುವಷ್ಟು ನಕ್ಕು,
ಕೊನೆಗೆ ಅದೂ ಅವನ ಬಗಲು ಸೇರಿತು.
ಎಲ್ಲ ಮುಗಿಸಿ ಬಿದ್ದಪ್ಪ ಬೆಟ್ಟದತ್ತ ತಿರುಗಿ
ಕೈ ಬೀಸಿದ,
ಬೇರೆ ಯಾವುದೋ ಬೆಟ್ಟಕ್ಕೆ.

ನಾವೂ ಎದ್ದು ನಿಂತು ಬೀಸಿದೆವು.

ಇಳಿಜಾರಿನಲ್ಲಿ ನಾನು ಸಫಿಯಾಳಿಗೆ ಕಾಯಬೇಕಿಲ್ಲ,
ಅದು ನಮ್ಮ ಒಪ್ಪಂದ.
ಆದರೆ ಮೂರನೆಯ ತಿರುವಿಗೇ ಮೊದಲ ಹನಿ ಬಿತ್ತು,
ಬ್ರೇಕು ಒದ್ದೆಯಾಗಿ ಕೀಚೆಂದಿತು.
ಇಳಿದು ನಿಂತೆ.
ಹಿಂದಿನಿಂದ ಕೊಡೆ ಬಿಚ್ಚಿಕೊಳ್ಳುತ್ತ ಬಂದವಳು
ಅರ್ಧ ನನ್ನ ಮೇಲೆ, ಅರ್ಧ ಸೀಟಿನ ಮೇಲೆ ಹಿಡಿದಳು.
ತಾನು ಪೂರ್ತಿ ನೆನೆಯುತ್ತ
ನಾಲ್ಕು, ಐದು ಎಂದು ತಿರುವು ಎಣಿಸಿದಳು.