ಎಂಟು ಸೆಕೆಂಡು

ಅಲುಗಬೇಡಿ ಗುರುಪಾದ್ ಭಾಯಿ, ಎಂಟೇ ಸೆಕೆಂಡು, ಅಂದಳು ಝರೀನ್.
ಎಂಟು ಸೆಕೆಂಡೆಂದರೆ ನನ್ನ ಲೆಕ್ಕದಲ್ಲಿ ಒಂದು ಮಹಡಿ,
ಎರಡರಿಂದ ಮೂರಕ್ಕೆ,
ನಡುವೆ ಇಟ್ಟಿಗೆ ಗೋಡೆ, ಅದರ ಮೇಲೆ ಯಾರೋ
ಸುಣ್ಣದಲ್ಲಿ ಬರೆದ ೧೯೩೪.

ಜಾಲರಿ ಬಾಗಿಲು ಎಳೆಸಿದಳು. ಪಂಖ ನಿಲ್ಲಿಸಿದಳು.
ಸ್ಟೂಲಿನ ಮೇಲೆ ಕೂತೆ, ಕೈ ಹಿಡಿಕೆಯ ಮೇಲೆ,
ಇಪ್ಪತ್ತಾರು ವರ್ಷ ಕೂತ ಹಾಗೆಯೇ.
ಆದರೂ ಏಳನೇ ಸೆಕೆಂಡಿಗೆ ಮೇಲಿಂದ ಗಂಟೆ.
ಕತ್ತು ತಾನಾಗಿ ತಿರುಗಿತು.

ಕಾಲಾಘೋಡಾದ ಗ್ಯಾಲರಿಯಲ್ಲಿ ಈಗ ನನ್ನನ್ನು ತೂಗುಹಾಕಿದ್ದಾರೆ,
ನಿಜಕ್ಕಿಂತ ದೊಡ್ಡದಾಗಿ.
ಅಲ್ಲಿಯ ಲಿಫ್ಟಿಗೆ ಆಳಿಲ್ಲ; ಮೆಟ್ಟಿಲು ಹತ್ತಿದೆ.
ಸ್ಟೂಲು ಸ್ಪಷ್ಟ, ಅದರ ಬಿರುಕೂ ಸ್ಪಷ್ಟ,
ಹಿತ್ತಾಳೆ ಹಿಡಿಕೆ ಮಿರುಗುತ್ತಿದೆ,
ಮುಖ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟು.
ಕೆಳಗೆ ಇಂಗ್ಲಿಷಿನಲ್ಲಿ ಹೆಸರು. ವಾಚ್‌ಮನ್ನನ್ನು ಕೇಳಿದೆ.
ಕೈದು, ಏಳನೆಯದು, ಅಂದ.
ಒಬ್ಬಾಕೆ ಎದೆ ಮೇಲೆ ಕೈಯಿಟ್ಟುಕೊಂಡು
ಅಯ್ಯೋ ಉಸಿರು ಕಟ್ಟುತ್ತದಲ್ಲ, ಅಂತ ಹಿಂದೆ ಸರಿದಳು.

ನನಗೆ ನಗು.
ಲೋವರ್ ಪರೇಲಿನ ಖೋಲಿಯಲ್ಲಿ ನಾವು ಒಂಬತ್ತು ಮಂದಿ,
ತಲೆಗೊಂದು ಮೊಳೆ, ಪಾಳಿಯ ಮೇಲೆ ಚಾಪೆ.
ಇಂಡಿಯಿಂದ ಹೆಂಡತಿ ಫೋನು ಮಾಡಿದರೆ ಎಂಟು ಜೋಡಿ ಕಿವಿ.
ತಮ್ಮ ತೀರಿಕೊಂಡ ಸುದ್ದಿ ಬಂದ ದಿನ ನಾನು ಅತ್ತದ್ದು
ಮೂರು ಮತ್ತು ನಾಲ್ಕರ ನಡುವೆ, ಲಿಫ್ಟು ನಿಲ್ಲಿಸಿಕೊಂಡು.
ಕರೆಂಟು ಹೋಗಿದೆ ಅಂದುಕೊಂಡರು ಬಿಲ್ಡಿಂಗಿನವರು.

ಚಿತ್ರದಲ್ಲಿ ನನ್ನ ಬೆನ್ನ ಹಿಂದೆ ಆ ಹಳೇ ಕನ್ನಡಿ.
ಪಾದರಸ ಸುಲಿದ ಅಂಚಿನಲ್ಲಿ, ಅಂಗೈಯಷ್ಟು, ಅವಳು:
ಮೂರುಗಾಲಿನ ಸ್ಟ್ಯಾಂಡಿನ ಹಿಂದೆ,
ಬೆನ್ನು ಜಾಲರಿಗೆ ಅಂಟಿಸಿ, ವೈರು ಹಿಡಿದು.
ಹಿಂದೆ ಸರಿಯಲು ಅವಳಿಗೆ ಜಾಗವೇ ಇರಲಿಲ್ಲ.
ಅವಳು ಚೂರೂ ಅಲುಗಿಲ್ಲ. ರೆಪ್ಪೆ ಎಣಿಸಬಹುದು.

ನಾಲ್ಕನೇ ಮಹಡಿಯ ಆ ಮನೆಯಿಂದ
ಎರಡು ಮಳೆಗಾಲ ಗಂಟೆ ಹೊಡೆಯಲಿಲ್ಲ.
ಪಾವು, ಹಾಲು, ಮಾತ್ರೆಯ ಪೊಟ್ಟಣ ನಾನೇ ಒಯ್ಯುತ್ತಿದ್ದೆ.
ಸರಪಳಿಯ ಸಂದಿನಿಂದ ಒಂದು ಕೈ ಬರುತ್ತಿತ್ತು,
ಉಗುರೆಲ್ಲ ಕಚ್ಚಿದ್ದು.
ಆಮೇಲೊಂದು ದಿನ ಹೊಸ್ತಿಲು ದಾಟಿ ಬಂದವಳು
ಲಿಫ್ಟಿನ ತನಕ ಬಂದಳು. ಒಳಗೆ ಬಂದಳು. ಕೆಳಗಿಳಿಯಲಿಲ್ಲ.
ಇದನ್ನು ಗ್ಯಾಲರಿಯಲ್ಲಿ ಯಾರಿಗೂ ಹೇಳಲಿಲ್ಲ.

ನಿಮಗೊಂದು ಪ್ರತಿ ಕೊಡುತ್ತೇನೆ, ಎಲ್ಲಿ ಹಾಕುತ್ತೀರಿ, ಕೇಳಿದಳು ನಿನ್ನೆ.
ಮೊಳೆಯಲ್ಲಿ ಅಂಗಿ ಇದೆ, ಅಂದೆ.
ಇಬ್ಬರೂ ಸುಮ್ಮನೆ ನಿಂತೆವು.
ಕೆಳಗೆ?
ಅವಳು ಮನಸ್ಸಿನಲ್ಲೇ ಏನೋ ಎಣಿಸುತ್ತಿದ್ದಳು.
ನಾನು ಪಂಖ ಹಾಕಿ ಕಾದೆ.