ಒತ್ತಿ ಬಿದ್ದ ಚುಕ್ಕೆ

ಹತ್ತಿ ಮಿಲ್ಲಿನ ಹಾಜರಿ ಪುಸ್ತಕ ಬರೆದ ಕೈ ಇದು.
ಮಿಲ್ಲು ಮುಚ್ಚಿದ ಮೇಲೆ ಉಳಿದದ್ದು ಭಾನುವಾರ:
ದಾವಣಗೆರೆಯ ಹೈಸ್ಕೂಲ್ ಮೈದಾನ, ಬೇವಿನ ಕೆಳಗೊಂದು ಕಬ್ಬಿಣದ ಮೇಜು,
ಎರಡು ಪೆನ್ಸಿಲ್, ಒಂದು ಬ್ಲೇಡು, ಒಂದು ಪೊಟ್ಟಣ ಮಂಡಕ್ಕಿ.
ರನ್ನು ಬಂದರೆ ಅಂಕಿ. ಬರದಿದ್ದರೆ ಚುಕ್ಕೆ.
ಜನ ಅಂಕಿ ಕೂಡುತ್ತಾರೆ.
ನಾನು ಚುಕ್ಕೆಗಳ ಪೈಕಿ.

ಪಿಂಜಾರ ಬುಡನ್‌ಸಾಬರ ಮಗ ರಾಜಾಬಕ್ಷಿ
ಮೊದಲ ಸಲ ಮ್ಯಾಟಿನ ಮೇಲೆ ನಿಂತಾಗ
ಪ್ಯಾಡು ಅವನ ತೊಡೆ ದಾಟಿ ಹೊಟ್ಟೆಗೆ ಬರುತ್ತಿತ್ತು.
ತೆಂಗಿನ ನಾರಿನ ಮ್ಯಾಟು, ಅಂಚಿಗೆಲ್ಲ ಮೊಳೆ,
ಚೆಂಡು ಬಿದ್ದಲ್ಲಿಂದ ಗದ್ದಕ್ಕೇ ಏಳುತ್ತಿತ್ತು.
ಹುಡುಗ ಹೆದರಲಿಲ್ಲ. ತಡವಾಗಿ, ತೀರಾ ತಡವಾಗಿ
ಬ್ಯಾಟು ತಂದು ಒರಗಿಸುತ್ತಿದ್ದ, ಅಷ್ಟೆ.
ಯಾರು ಕಲಿಸಿದ್ದೋ ಅಂದರೆ, ಅಪ್ಪ ಅಂದ.
ಬಿಲ್ಲು ಬಡಿಯುತ್ತಾ ಬುಡನ್‌ಸಾಬ್ ಹೇಳುತ್ತಿದ್ದರಂತೆ:
"ಹತ್ತಿಗೆ ಹೊಡೀಬ್ಯಾಡಲೇ, ತಂತಿಗೆ ಹೊಡಿ.
ಹತ್ತಿ ತಾನಾಗೇ ಹಾರತೈತಿ."

ಆಮೇಲೆ ದುರ್ಗದವರ ಮೇಲೆ ಆ ಮ್ಯಾಚು.
ಆಯ್ಕೆದಾರರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು,
ದೋಸೆಯ ಬೆಣ್ಣೆ ಇನ್ನೂ ಕರ್ಚೀಫಿನಲ್ಲಿ.
ರಾಜಾ ಹದಿನೇಳು ರನ್ನಿನಲ್ಲಿದ್ದ.
ಓಬಳೇಶ, ಎಡಗೈ ವೇಗಿ, ಹರಿದ ಕ್ಯಾನ್ವಾಸ್ ಬೂಟು,
ನಾಲ್ಕನೇ ಚೆಂಡನ್ನು ಚೂರೇ ಚೂರು ಹೊರಗೆ ಎಳೆದ.
ಒಂದು ಸದ್ದು.
ಕೀಪರ್ ಹಾರಿದ. ಓಬಳೇಶ ಎರಡೂ ಕೈ ಎತ್ತಿದ.
ಅಂಪೈರ್ ಮೂಗು ಒರೆಸಿಕೊಂಡರು.
ರಾಜಾ ಬ್ಯಾಟಿನ ತುದಿಯಿಂದ ಮ್ಯಾಟು ತಟ್ಟುತ್ತಾ ನಿಂತ.
ನಾನು ಚುಕ್ಕೆ ಇಟ್ಟೆ.
ಪೆನ್ಸಿಲ್ ಸ್ವಲ್ಪ ಒತ್ತಿ ಬಿತ್ತು.

ಬೇಲಿಯಾಚೆ ಬಿಲ್ಲು ಹೆಗಲಿಗೇರಿಸಿ ನಿಂತಿದ್ದ ಬುಡನ್‌ಸಾಬ್
ಮಗನ ನೂರಕ್ಕೆ ಕಾಯದೆ ಹೊರಟುಹೋದರು.
ರಾಜಾ ಹೊಡೆದದ್ದು ನೂರಾ ಮೂವತ್ತೊಂದು.

ಆಮೇಲಿನದು ಪೇಪರಿನಲ್ಲಿದೆ, ಸಣ್ಣ ಅಕ್ಷರದಲ್ಲಿ.
ಬೆಂಗಳೂರಿನ ಕ್ಲಬ್ಬು, ಹಾಸ್ಟೆಲಿನ ಒಡಕು ಬಕೆಟ್ಟು,
ಹೆಸರು ಬೋರ್ಡಿಗೆ ಉದ್ದವಾಯಿತೆಂದು ಬರೇ ‘ಆರ್. ನದಾಫ್’.
ಮೂರು ವರ್ಷ ನೀರು ಹೊತ್ತ.
ರಣಜಿ ಏಳು ಪಂದ್ಯ, ಅತಿ ಹೆಚ್ಚು ಅರವತ್ತೊಂದು.
ಮುಂದೆ ದೂರದ ಯಾವುದೋ ಗುಡ್ಡಗಾಡಿನ ತಂಡಕ್ಕೆ
ಸೀಸನ್ನಿಗಿಷ್ಟು ಎಂದು ಕರಾರಿನ ಆಟಗಾರ.
ಅವರ ಭಾಷೆಯಲ್ಲಿ ‘ನಂದು’ ಅನ್ನುವುದೊಂದೇ ಕಲಿತನಂತೆ,
ಕ್ಯಾಚು ಮೇಲೆದ್ದಾಗ ಕೂಗಲಿಕ್ಕೆ.
ಮಂಡಿ ಹೋಯಿತು. ಕಣ್ಣು ಅರ್ಧ ಗಜ ಹಿಂದೆ ಬಿತ್ತು.
ಮೂವತ್ತಾರಕ್ಕೆ ಕಿಟ್ ಬ್ಯಾಗು ಹೊತ್ತು ಸ್ಟೇಷನ್ನಿನಲ್ಲಿ ಇಳಿದರೆ
ಆಟೋದವನು ಕೇಳಿದ್ದು, "ಒಳಗೇನು ಸಾಬ್ರೆ, ಹಾರ್ಮೋನಿಯಮ್ಮಾ?"

ಹೋದ ತಿಂಗಳು ಮನೆಗೆ ಬಂದ.
"ಆ ಪುಸ್ತಕ ಐತೇನ್ರೀ?"
ಇತ್ತು, ಟ್ರಂಕಿನ ತಳದಲ್ಲಿ, ಅಂಚಿಗೆ ನುಸಿ ಹಿಡಿದು.
ಮೊತ್ತದ ಕಡೆ ನೋಡಲೇ ಇಲ್ಲ.
ಬೆರಳು ಸಾಲಿನುದ್ದ ಜಾರಿ ನೇರ ಅಲ್ಲಿಗೇ ಬಂತು.
"ನಿಮಗೆ ಕೇಳ್ಸಿತ್ತಾ?"
ಮೇಜಿನಿಂದ ಪಿಚ್ಚಿಗೆ ಎಪ್ಪತ್ತು ಗಜ ಅಂದೆ.
ಬೇವಿನ ಗಾಳಿ ಅಂದೆ.
ಬ್ಯಾಟು ಮ್ಯಾಟಿಗೆ ತಾಗಿರಬೇಕು ಅಂದೆ.
ನಕ್ಕ. "ಅಪ್ಪಗೆ ಬೇಲಿ ಆಚೆಗೇ ಕೇಳ್ಸಿತ್ತು.
ರಾತ್ರಿ ಉಣ್ಣೋವಾಗ ಒಂದೇ ಮಾತು, ‘ತಂತಿ ಮಿಡೀತಲ್ಲೋ.’
ಸಾಯೋತನಕ ಮತ್ತೆ ಎತ್ತಲಿಲ್ಲ."

ಓಬಳೇಶ ಈಗ ಜೋಗಿಮಟ್ಟಿ ಕಡೆ ಗಾಳಿಯಂತ್ರಗಳ ಕಾವಲು.
ಅಲ್ಲಿಗೂ ಹೋಗಿದ್ದನಂತೆ ಬೈಕಿನಲ್ಲಿ,
ಹೇಳಲೆಂದೇ ಹೋದವನು ಹೇಳದೆ ಬಂದ.
ಇಬ್ಬರೂ ಟೀ ಕುಡಿದರಂತೆ. ರೆಕ್ಕೆಯ ನೆರಳು
ಲೋಟದ ಮೇಲೆ ಹಾಯುತ್ತಿತ್ತಂತೆ, ಮತ್ತೆ, ಮತ್ತೆ.
ಓಬಳೇಶನೇ ಅಂದನಂತೆ: "ನಿನ್ನ ನೂರಾ ಮೂವತ್ತೊಂದು!
ಮಕ್ಕಳಿಗೆ ಹೇಳ್ತಿರ್ತೀನಿ ಕಣೋ,
ಆವತ್ತು ಬೌಲಿಂಗ್ ಮಾಡಿದ್ದು ನಾನೇ ಅಂತ."

ರಬ್ಬರ್ ಕೇಳುತ್ತಾನೇನೋ ಅಂದುಕೊಂಡೆ. ಕೇಳಲಿಲ್ಲ.
ಸಂಜೆ ನೆಟ್ಸು, ಹುಡುಗರು ಕಾಯುತ್ತಾರೆ ಎಂದು ಎದ್ದ.
ಅವನು ಗಲ್ಲಿ ತಿರುಗಿದ ಮೇಲೆ
ಹಾಳೆ ಮಗುಚಿ ಹಿಂಬದಿಗೆ ಬೆರಳಾಡಿಸಿದೆ.
ಮಿಕ್ಕ ಚುಕ್ಕೆಗಳೆಲ್ಲ ಸವೆದು ನುಣುಪು.
ಅದೊಂದು
ಈಗಲೂ ಉಬ್ಬಿತ್ತು.